ಮೂರು ಮೈಕು, ಒಂದು ವಾಲ್ವು

ಬೆಳಗಾವಿಯ ಹಿಂದವಾಡಿಯಲ್ಲಿ ಒಂದು ಮನೆ ಎಂದುಕೊಳ್ಳೋಣ. ಎಂಜಿನಿಯರಿಂಗ್ ಓದುವ ಮಗ ಶನಿವಾರ ಸಂಜೆ ಗೆಳೆಯನೊಬ್ಬನ ಜೊತೆ ಸೇರಿ ಆಟೋದಿಂದ ಒಂದು ದೊಡ್ಡ ಪೆಟ್ಟಿಗೆ ಇಳಿಸುತ್ತಾನೆ. ಎರಡೂ ಕಡೆ ಹಿಡಿದು ಎತ್ತಬೇಕಾದಷ್ಟು ಭಾರ. ಮುಂದುಗಡೆ ಬಟ್ಟೆ ಹೊದಿಸಿದೆ, ಹಿಂದುಗಡೆ ಗಾಜಿನ ಬುರುಡೆಗಳು ಕಾಣುತ್ತವೆ. ಬಾಗಿಲಲ್ಲಿ ನಿಂತ ತಂದೆ ಕೇಳುತ್ತಾರೆ:

"ಇಷ್ಟ ಭಾರದ್ದ ಯಾಕ ಹೊತ್ಕೊಂಡ ಬಂದಿಯೋ? ಈಗ ಎಲ್ಲಾ ಕಂಪ್ಯೂಟರಿನ್ಯಾಗ ಬರತೈತೆಲ್ಲ?"

"ಕಂಪ್ಯೂಟರಿನ್ಯಾಗ ಇದರ ನಕಲು ತಗೊಳ್ಳಾಕನ ತಂದೇನಿ ಅಪ್ಪಾ. ಸೋಮವಾರ ಮುಂಜಾನೆ ತಿರುಗಿ ಕೊಡಬೇಕು."

ಪೆಟ್ಟಿಗೆ ಎಂದರೆ ಎಲೆಕ್ಟ್ರಿಕ್ ಗಿಟಾರಿನ ವಾಲ್ವ್ ಆಂಪ್ಲಿಫೈಯರು. ಎರವಲು ತಂದದ್ದು. ಭಾನುವಾರ ಒಂದೇ ದಿನ ಕೈಯಲ್ಲಿದೆ. ಅಷ್ಟರೊಳಗೆ ಅದರ ದನಿಯ ಸ್ವಭಾವವನ್ನೆಲ್ಲ ಅಂಕಿಗಳಾಗಿ ಹಿಡಿದಿಟ್ಟುಕೊಳ್ಳಬೇಕೆಂಬುದು ಹುಡುಗನ ಆಸೆ. ಇಂಥ ಅಂಕಿಗಳ ನಕಲಿಗೆ 'ಪ್ರೊಫೈಲ್' ಎಂದು ಹೆಸರು. ಗೆಳೆಯರಿಂದ ಮೂರು ಬಗೆಯ ಮೈಕುಗಳನ್ನೂ ಅವನು ಒಟ್ಟುಮಾಡಿದ್ದಾನೆ.

ಒಂದು ಯಂತ್ರದ ಸ್ವಭಾವವನ್ನು ನಕಲು ಮಾಡಲು ಬರುತ್ತದೆಯೇ? ಮಾಡಿದರೆ ಆ ನಕಲು ಯಾವುದರದು? ಯಂತ್ರದ್ದೋ, ಅದನ್ನು ಕೇಳಿದ ಮೈಕಿನದೋ? ಈ ಪ್ರಶ್ನೆ ಗಿಟಾರ್ ನುಡಿಸುವವರಿಗಷ್ಟೇ ಸೇರಿದ್ದಲ್ಲ. ಪ್ರಯೋಗಶಾಲೆಯಲ್ಲಿ ಅಳತೆ ಮಾಡುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಸೇರಿದ್ದು.

ಉರಿಯುವ ಬುರುಡೆ

ಮೊದಲು ಆ ಗಾಜಿನ ಬುರುಡೆಗಳನ್ನು ನೋಡೋಣ. ವಾಲ್ವ್ ಎಂದರೆ ಗಾಳಿ ತೆಗೆದ ಗಾಜಿನ ನಳಿಕೆ. ಒಳಗೆ ಕಾಯಿಸಿದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಎದುರಿಗಿರುವ ಆನೋಡ್ ಎಂಬ ತಗಡಿಗೆ ಧನ ವೋಲ್ಟೇಜು ಕೊಟ್ಟಿರುವುದರಿಂದ ಎಲೆಕ್ಟ್ರಾನುಗಳು ಅತ್ತ ಓಡುತ್ತವೆ. ನಡುವೆ ತಂತಿಯ ಜಾಲರಿಯೊಂದನ್ನು ಇಟ್ಟಿರುತ್ತಾರೆ. ಇದಕ್ಕೆ ಗ್ರಿಡ್ ಎನ್ನುತ್ತಾರೆ. ಕೆರೆಯ ತೂಬನ್ನು ಒಬ್ಬನೇ ಎತ್ತಿ ಇಳಿಸಿದರೆ ಕಾಲುವೆಯ ನೀರೆಲ್ಲ ಹೆಚ್ಚು ಕಡಿಮೆಯಾಗುತ್ತದಲ್ಲವೆ? ಹಾಗೆಯೇ ಗ್ರಿಡ್ಡಿನ ಮೇಲಿನ ಪುಟ್ಟ ವೋಲ್ಟೇಜು ದೊಡ್ಡ ಪ್ರವಾಹವನ್ನು ಆಳುತ್ತದೆ. ಇದೇ ವರ್ಧನೆ. ಎರಡು ತುದಿಗಳ ವಾಲ್ವನ್ನು ಫ್ಲೆಮಿಂಗ್ 1904ರಲ್ಲಿ ರೂಪಿಸಿದರು. ಅದಕ್ಕೆ ಗ್ರಿಡ್ ಸೇರಿಸಿದವರು ಅಮೆರಿಕದ ಲೀ ಡಿ ಫಾರೆಸ್ಟ್.

ಕನ್ನಡ ನಾಡಿಗೆ ಈ ವಾಲ್ವು ಹೊರಗಿನದಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿತು. 1950ರ ಜನವರಿಯಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರ ಶುರುವಾದ ಮೇಲೆ ಈ ಸೀಮೆಯ ಮನೆಗಳಲ್ಲಿ ರೇಡಿಯೊ ಕೇಳುವ ರೂಢಿ ಬೆಳೆಯಿತು. ಗುಂಡಿ ತಿರುಗಿಸಿದ ಕೂಡಲೇ ದನಿ ಬರುತ್ತಿರಲಿಲ್ಲ. ವಾಲ್ವು ಕಾಯುವ ತನಕ ಎಲ್ಲರೂ ಕಾಯಬೇಕಿತ್ತು. ಮನೆಯ ಹಿರಿಯರನ್ನು ಕೇಳಿದರೆ ಪೆಟ್ಟಿಗೆಯ ಮುಂದೆ ಮಿಣುಗುತ್ತಿದ್ದ ಹಸಿರು ಕಣ್ಣಿನ ನೆನಪನ್ನೂ ಹೇಳಿಯಾರು.

ಟ್ರಾನ್ಸಿಸ್ಟರು ಬಂದು ವಾಲ್ವನ್ನು ರೇಡಿಯೊದಿಂದ ಓಡಿಸಿತು. ಜಾಲಹಳ್ಳಿಯಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆ ನಿಂತು ಎಷ್ಟೋ ಕಾಲವಾಯಿತು. ಆದರೆ ಅಲ್ಲಿ ತಯಾರಾದ ಇಸಿಸಿ 83, ಇಎಲ್ 84 ವಾಲ್ವುಗಳಿಗೆ ಇಂದಿಗೂ ಹೊರದೇಶಗಳಲ್ಲಿ ಗಿರಾಕಿಗಳಿದ್ದಾರೆ. ಕೊಳ್ಳುವವರಲ್ಲಿ ಗಿಟಾರ್ ನುಡಿಸುವವರೂ ಇದ್ದಾರೆ! ಇಂಗ್ಲೆಂಡಿನ ಹೆಸರಾಂತ ವಾಕ್ಸ್ ಎಸಿ 30 ಆಂಪ್ಲಿಫೈಯರಿನಲ್ಲಿ ಕೊನೆಯ ವರ್ಧನೆಗೆ ಇರುವುದು ನಾಲ್ಕು ಇಎಲ್ 84 ವಾಲ್ವುಗಳೇ.

ಒಡೆದ ದನಿಯ ರುಚಿ

ಎಲ್ಲರೂ ಬಿಟ್ಟ ವಾಲ್ವನ್ನು ಗಿಟಾರಿನವರು ಏಕೆ ಬಿಡಲಿಲ್ಲ? ಕಾರಣ ವಿಚಿತ್ರವಾಗಿದೆ: ವಾಲ್ವು ಮಾಡುವ ತಪ್ಪು ಅವರಿಗೆ ಬೇಕು.

ಗಿಟಾರಿನ ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ ಮತ್ತು ಸಾವಿರಾರು ಸುತ್ತಿನ ತಾಮ್ರದ ಸುರುಳಿ ಇರುತ್ತವೆ. ತಂತಿ ಅಲುಗಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆ ಎಂದರೆ ಇದೇ. ಮೆಲ್ಲಗೆ ಮೀಟಿದರೆ ವಾಲ್ವು ಆ ಅಲೆಯನ್ನು ಇದ್ದ ಆಕಾರದಲ್ಲೇ ದೊಡ್ಡದು ಮಾಡುತ್ತದೆ. ಜೋರಾಗಿ ಮೀಟಿದರೆ? ತೂಬನ್ನು ಪೂರ್ತಿ ಎತ್ತಿದ ಮೇಲೆ ಇನ್ನೂ ಎತ್ತುವುದಕ್ಕಿಲ್ಲ, ಪೂರ್ತಿ ಮುಚ್ಚಿದ ಮೇಲೆ ಇನ್ನೂ ಮುಚ್ಚುವುದಕ್ಕಿಲ್ಲ. ಅಲೆಯ ತಲೆಯೂ ತಳವೂ ಚಪ್ಪಟೆಯಾಗುತ್ತವೆ. ವಾಲ್ವಿನಲ್ಲಿ ಇದು ಕತ್ತರಿಯಿಂದ ಕತ್ತರಿಸಿದಂತೆ ಒಮ್ಮೆಗೇ ಆಗದೆ ಸಾಮಾನ್ಯವಾಗಿ ಮೆಲ್ಲಮೆಲ್ಲನೆ, ಅಂಚು ದುಂಡಗಾಗಿ ಆಗುತ್ತದೆ.

ಅಲೆಯ ಆಕಾರ ಕೆಟ್ಟರೆ ಹೊಸ ಆವೃತ್ತಿಗಳು ಹುಟ್ಟುತ್ತವೆ. ಗಿಟಾರಿನ ಐದನೆಯ ತಂತಿಯ ಆವೃತ್ತಿ 110 ಹರ್ಟ್ಸ್. ಅದರೊಡನೆ 220, 330, 440 ಹರ್ಟ್ಸ್‌ಗಳ ಉಪಸ್ವರಗಳಿಗೂ ಹೆಚ್ಚಿನ ಬಲ ಬರುತ್ತದೆ. ಕೇಳುವವರಿಗೆ ದನಿ ತುಸು ಒಡೆದಂತೆ, ಆದರೆ ತುಂಬಿಕೊಂಡಂತೆ ಕೇಳುತ್ತದೆ. ಗಣಪತಿ ಮೆರವಣಿಗೆಯಲ್ಲಿ ಬೆಂಜೋ ಪಾರ್ಟಿಯವರು ವರ್ಧಕವನ್ನು ಮಿತಿಮೀರಿ ಏರಿಸಿದಾಗ ಬರುವ ಗರಗರ ದನಿ ಬೆಳಗಾವಿಯವರಿಗೆ ಗೊತ್ತೇ ಇದೆ. ಅದೂ ಈ ಜಾತಿಯದೇ.

ಗೋಳಗುಮ್ಮಟದ ಚಪ್ಪಾಳೆ

ಇನ್ನು ನಕಲಿನ ವಿಚಾರ. ವಿಜಯಪುರದ ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಅದು ಹಲವು ಸಲ ಮರುದನಿಸುತ್ತದೆ. ಆ ಒಂದು ಚಪ್ಪಾಳೆಯನ್ನೂ ಅದರ ಮರುದನಿಗಳನ್ನೂ ರೆಕಾರ್ಡು ಮಾಡಿಕೊಂಡೆವೆನ್ನೋಣ. ಯಾವ ಮರುದನಿ ಎಷ್ಟು ಹೊತ್ತಿಗೆ ಬಂತು, ಎಷ್ಟು ಬಲದಿಂದ ಬಂತು ಎಂಬ ಲೆಕ್ಕ ಅದರಲ್ಲಿದೆ. ಆಮೇಲೆ ಹಿಂದವಾಡಿಯ ಕೋಣೆಯಲ್ಲಿ ಹಾಡಿದ ಹಾಡಿಗೆ ಆ ಲೆಕ್ಕವನ್ನು ಅನ್ವಯಿಸಿದರೆ ಹಾಡು ಗುಮ್ಮಟದೊಳಗೆ ಹಾಡಿದಂತೆ ಕೇಳುತ್ತದೆ! ಕಟ್ಟಡದ ದನಿಸ್ವಭಾವ ಚಪ್ಪಾಳೆಯೊಂದರಲ್ಲಿ ಅಡಗಿದೆ.

ಇದು ಸಾಧ್ಯವಾಗುವುದಕ್ಕೆ ಒಂದು ಕಾರಣವಿದೆ. ಗುಮ್ಮಟಕ್ಕೆ ಎರಡರಷ್ಟು ಜೋರಾದ ದನಿ ಕೊಟ್ಟರೆ ಮರುದನಿಯೂ ಎರಡರಷ್ಟು ಜೋರಾಗುತ್ತದೆ, ಆಕಾರ ಮಾತ್ರ ಬದಲಾಗುವುದಿಲ್ಲ. ಇಂಥ ವ್ಯವಸ್ಥೆಗೆ ಗಣಿತದಲ್ಲಿ ರೇಖೀಯ ಎನ್ನುತ್ತಾರೆ. ಸ್ಪೀಕರು ಮತ್ತು ಮೈಕು ಹೆಚ್ಚುಕಡಿಮೆ ಹೀಗೆಯೇ ನಡೆದುಕೊಳ್ಳುತ್ತವೆ. ವಾಲ್ವು ಹಾಗಲ್ಲ. ಮೆಲ್ಲಗೆ ಮಾತಾಡಿಸಿದರೆ ಒಂದು ಉತ್ತರ, ಜೋರು ಮಾಡಿದರೆ ಬೇರೆಯದೇ ಉತ್ತರ. ಅದಕ್ಕೆ ಒಂದು ಚಪ್ಪಾಳೆ ಸಾಲದು. ಮೆಲ್ಲಗೆ, ಜೋರಾಗಿ, ತಗ್ಗಿನಲ್ಲಿ, ಏರಿನಲ್ಲಿ ಎಲ್ಲ ಬಗೆಯಲ್ಲೂ ಪ್ರಶ್ನೆ ಕೇಳಬೇಕು.

ಜರ್ಮನಿಯ ಕ್ರಿಸ್ಟೊಫ್ ಕೆಂಪರ್ 2011ರಲ್ಲಿ ಇದಕ್ಕೆಂದೇ ಒಂದು ಯಂತ್ರವನ್ನು ತೋರಿಸಿದರು. ಅದು ತನಗೆ ಗೊತ್ತಿರುವ ಪರೀಕ್ಷಾ ದನಿಗಳನ್ನು ಆಂಪ್ಲಿಫೈಯರಿಗೆ ಕಳಿಸಿ, ಸ್ಪೀಕರಿನ ಮುಂದಿಟ್ಟ ಮೈಕಿನಿಂದ ಉತ್ತರವನ್ನು ಕೇಳಿಸಿಕೊಂಡು, ಕಳಿಸಿದ್ದಕ್ಕೂ ಬಂದದ್ದಕ್ಕೂ ಇರುವ ವ್ಯತ್ಯಾಸದಿಂದ ಪ್ರೊಫೈಲನ್ನು ಕಟ್ಟುತ್ತದೆ. ಈಚಿನ ವರ್ಷಗಳಲ್ಲಿ ಅಮೆರಿಕದ ಸ್ಟೀವನ್ ಆಟ್ಕಿನ್ಸನ್ ಅವರ 'ನ್ಯೂರಲ್ ಆಂಪ್ ಮಾಡೆಲರ್' ಎಂಬ ಉಚಿತ ತಂತ್ರಾಂಶವೂ ಬಂದಿದೆ. ನಮ್ಮ ಹುಡುಗ ಬಳಸಲಿರುವುದು ಅದನ್ನೇ.

ಅವನ ಲೆಕ್ಕ ಹೀಗಿದೆ. ಕಂಪ್ಯೂಟರು ದನಿಯನ್ನು ಸೆಕೆಂಡಿಗೆ 48,000 ಸಲ ಅಳೆದು ಅಂಕಿ ಮಾಡುತ್ತದೆ. ಪರೀಕ್ಷಾ ದನಿ ಸುಮಾರು ಮೂರು ನಿಮಿಷ. ಅಂದರೆ 180 ಸೆಕೆಂಡಿಗೆ 86,40,000 ಪ್ರಶ್ನೆಗಳು, ಅಷ್ಟೇ ಉತ್ತರಗಳು. ಈ ಜೋಡಿಗಳನ್ನು ಕೃತಕ ನರಜಾಲ ಎಂಬ ಗಣಿತ ವ್ಯವಸ್ಥೆಯ ಮುಂದಿಡುತ್ತಾರೆ. ಅದು ಮೊದಲು ಏನೋ ಒಂದು ಉತ್ತರ ಊಹಿಸುತ್ತದೆ, ನಿಜವಾದ ಉತ್ತರದೊಡನೆ ಹೋಲಿಸಿ ತಪ್ಪೆಷ್ಟೆಂದು ನೋಡಿ ತನ್ನನ್ನು ತುಸು ತಿದ್ದಿಕೊಳ್ಳುತ್ತದೆ, ಮತ್ತೆ ಊಹಿಸುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಮತ್ತೆ ಮತ್ತೆ ಬಿಡಿಸಿ ತಿದ್ದಿಕೊಳ್ಳುವ ವಿದ್ಯಾರ್ಥಿಯ ಹಾಗೆ. ತಪ್ಪು ಸಾಕಷ್ಟು ಕಡಿಮೆಯಾದಾಗ ನಕಲು ಸಿದ್ಧ.

ಒಂದು ಮಾತನ್ನು ಮರೆಯಬಾರದು. ಸಾಮಾನ್ಯವಾಗಿ ಇಂಥ ಒಂದು ನಕಲು ಗುಂಡಿಗಳ ಒಂದು ಹೊಂದಾಣಿಕೆಯದು ಮಾತ್ರ. ವರ್ಧನೆಯ ಗುಂಡಿಯನ್ನು ನಾಲ್ಕರಿಂದ ಏಳಕ್ಕೆ ತಿರುಗಿಸಿದರೆ ಮತ್ತೊಂದು ನಕಲು ಬೇಕು. ಫೋಟೋ ಇದ್ದ ಹಾಗೆ.

ಮೂರು ಕಿವಿಗಳು

ಭಾನುವಾರ ಮುಂಜಾನೆ ಕೆಲಸ ಶುರುವಾಗುತ್ತದೆ. ಮೊದಲ ಸಲ ಅರ್ಧದಲ್ಲಿ ಟಿಳಕವಾಡಿ ಗೇಟಿನ ಕಡೆಯಿಂದ ರೈಲಿನ ಸೀಟಿ ಕೇಳಿಸಿ ರೆಕಾರ್ಡು ಕೆಟ್ಟಿತು. ಪ್ರಶ್ನೆಯಲ್ಲಿ ಇಲ್ಲದ ಸೀಟಿ ಉತ್ತರದಲ್ಲಿ ಬಂದರೆ ಬಡಪಾಯಿ ನರಜಾಲ ಅದಕ್ಕೆ ಎಲ್ಲಿಂದ ಕಾರಣ ಹುಡುಕೀತು? ಎರಡನೆಯ ಸಲ ಅಡುಗೆಮನೆಯ ಮಿಕ್ಸರು. ಮೂರನೆಯ ಸಲ ಸರಿಹೋಯಿತು.

ಮೊದಲು ಇಟ್ಟದ್ದು ಡೈನಮಿಕ್ ಮೈಕು. ತೆಳು ಪೊರೆಗೆ ಅಂಟಿಸಿದ ಸುರುಳಿ ಅಯಸ್ಕಾಂತದೊಳಗೆ ಆಡುತ್ತದೆ. ಹೆಚ್ಚುಕಡಿಮೆ ಸ್ಪೀಕರನ್ನೇ ತಿರುವುಮುರುವು ಮಾಡಿದ ಹಾಗೆ. 1965ರಲ್ಲಿ ಬಂದ ಶೂರ್ ಕಂಪನಿಯ ಎಸ್‌ಎಂ 57 ಈ ಜಾತಿಯದು. ಲೋಕದ ಬಹುಪಾಲು ಸ್ಟುಡಿಯೋಗಳಲ್ಲಿ ಗಿಟಾರಿನ ಮುಂದೆ ಕಾಣಸಿಗುತ್ತದೆ. ಗಟ್ಟಿಮುಟ್ಟು, ಜೋರು ದನಿಗೆ ಹೆದರುವುದಿಲ್ಲ. ಆದರೆ ಸುಮಾರು ಐದಾರು ಸಾವಿರ ಹರ್ಟ್ಸ್ ಬಳಿ ಇದ್ದದ್ದಕ್ಕಿಂತ ಹೆಚ್ಚು ಮಾಡಿ ಹೇಳುತ್ತದೆ. ದನಿಗೆ ಮೊನೆ ಬರುತ್ತದೆ.

ಎರಡನೆಯದು ರಿಬ್ಬನ್ ಮೈಕು. ಕೂದಲಿನ ದಪ್ಪದ ಹತ್ತರಲ್ಲೊಂದು ಪಾಲೂ ಇರದ ಅಲ್ಯುಮಿನಿಯಂ ಪಟ್ಟಿ ಅಯಸ್ಕಾಂತದ ಎರಡು ಧ್ರುವಗಳ ನಡುವೆ ಸಡಿಲವಾಗಿ ತೂಗಾಡುತ್ತದೆ. ಅಮೆರಿಕದ ಆರ್‌ಸಿಎ ಕಂಪನಿ 1930ರ ದಶಕದಲ್ಲಿ ಇದನ್ನು ಪ್ರಸಿದ್ಧಗೊಳಿಸಿತು. ಏರುದನಿಗಳನ್ನು ಮೆತ್ತಗೆ ಮಾಡಿ ಹೇಳುವ ಸ್ವಭಾವ. ಮುಂದಿನಿಂದ ಕೇಳಿದಷ್ಟೇ ಹಿಂದಿನಿಂದಲೂ ಕೇಳುತ್ತದೆ. ಹಾಗಾಗಿ ಹಿಂದಿನ ಗೋಡೆಯ ಮರುದನಿಯೂ ನಕಲಿನೊಳಗೆ ಬರುತ್ತದೆ. ಬಲವಾಗಿ ಊದಿದರೆ ಪಟ್ಟಿ ಹಾಳಾದೀತು.

ಮೂರನೆಯದು ಕಂಡೆನ್ಸರ್ ಮೈಕು. ಇದನ್ನು 1916ರ ಸುಮಾರಿಗೆ ರೂಪಿಸಿದವರು ಅಮೆರಿಕದ ಇ. ಸಿ. ವೆಂಟ್. ತೆಳು ಪೊರೆಯೂ ಅದರ ಹಿಂದಿನ ತಗಡೂ ಸೇರಿ ಒಂದು ಧಾರಕವಾಗುತ್ತವೆ. ದನಿಗೆ ಪೊರೆ ಅಲುಗಿದಂತೆ ಧಾರಕತೆ ಬದಲಾಗುತ್ತದೆ. ಇದಕ್ಕೆ ಹೊರಗಿನಿಂದ ಸಾಮಾನ್ಯವಾಗಿ 48 ವೋಲ್ಟ್ ಕೊಡಬೇಕು. ಏರುದನಿಗಳ ಸಣ್ಣ ವಿವರಗಳನ್ನೂ ಹಿಡಿಯುತ್ತದೆ. ಕೋಣೆ ಚೆನ್ನಾಗಿಲ್ಲದಿದ್ದರೆ ಅದರ ದೋಷವನ್ನೂ ಅಷ್ಟೇ ಚೆನ್ನಾಗಿ ಹಿಡಿಯುತ್ತದೆ!

ಸಂಜೆಯ ಹೊತ್ತಿಗೆ ಮೂರು ನಕಲು ಸಿದ್ಧವಾದವು. ಮೂರರಲ್ಲೂ ಅದೇ ಗಿಟಾರು, ಅದೇ ವಾಲ್ವು, ಅದೇ ಗುಂಡಿಗಳ ಹೊಂದಾಣಿಕೆ. ಕಂಪ್ಯೂಟರು ತೋರಿಸುವ ತಪ್ಪಿನ ಪ್ರಮಾಣವೂ ಮೂರರಲ್ಲಿ ಕಡಿಮೆಯೇ. ಆದರೂ ಮೂರು ಬೇರೆ ಬೇರೆ ಆಂಪ್ಲಿಫೈಯರುಗಳಂತೆ ಕೇಳುತ್ತವೆ. ಯಾವುದು ನಿಜ?

ಹದಿನೇಳು ಸೆಂಟಿಮೀಟರು

ಉತ್ತರಕ್ಕೆ ಮೊದಲು ಇನ್ನೊಂದು ತೊಡಕು. ಮೈಕು ಬದಲಿಸದೆ ಅದರ ಜಾಗ ಬದಲಿಸಿದರೂ ದನಿ ಬದಲಾಗುತ್ತದೆ. ಸ್ಪೀಕರಿನ ನಟ್ಟನಡುವೆ ಇಟ್ಟರೆ ದನಿ ಚುರುಕು. ಅಂಚಿನ ಕಡೆ ಎರಡು ಬೆರಳು ಸರಿಸಿದರೆ ಮಂಕು. ಡೈನಮಿಕ್, ರಿಬ್ಬನ್ ಮೈಕುಗಳನ್ನು ತೀರ ಹತ್ತಿರ ತಂದರೆ ತಗ್ಗುದನಿ ಉಬ್ಬುತ್ತದೆ.

"ಹಂಗಾರ ಎರಡೂ ಮೈಕು ಕೂಡೇ ಇಟ್ಟು ನೋಡಲ್ಲ" ಎನ್ನುತ್ತಾರೆ ತಂದೆ. ಒಂದನ್ನು ಸ್ಪೀಕರಿನ ಬಳಿ, ಇನ್ನೊಂದನ್ನು ಅದಕ್ಕಿಂತ 17 ಸೆಂ.ಮೀ. ಹಿಂದೆ ಇಟ್ಟು ಎರಡರ ದನಿಯನ್ನೂ ಸೇರಿಸಿದಾಗ ದನಿ ತುಂಬುವ ಬದಲು ಟೊಳ್ಳಾಯಿತು! ಹತ್ತನೆಯ ತರಗತಿಯವರೂ ಇದರ ಲೆಕ್ಕ ಮಾಡಬಲ್ಲರು. ದನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರು. 1000 ಹರ್ಟ್ಸ್ ದನಿಯ ಅಲೆಯುದ್ದ 34 ಸೆಂ.ಮೀ. 17 ಸೆಂ.ಮೀ. ಎಂದರೆ ಅದರ ಅರ್ಧ. ಒಂದು ಮೈಕಿನಲ್ಲಿ ಅಲೆಯ ಉಬ್ಬು ಇದ್ದಾಗ ಇನ್ನೊಂದರಲ್ಲಿ ತಗ್ಗು. ಎರಡೂ ಸೇರಿದರೆ ಒಂದನ್ನೊಂದು ಅಳಿಸುತ್ತವೆ. 2000 ಹರ್ಟ್ಸ್‌ಗೆ ಅದೇ ಅಂತರ ಪೂರ್ತಿ ಒಂದು ಅಲೆಯುದ್ದ. ಅಲ್ಲಿ ಎರಡೂ ಕೂಡಿಕೊಳ್ಳುತ್ತವೆ. ಮೈಕುಗಳು ಕೆಟ್ಟಿಲ್ಲ, ವಾಲ್ವು ಕೆಟ್ಟಿಲ್ಲ. ಕೆಟ್ಟದ್ದು ಅಂತರ.

ಹಾಗಾದರೆ ಯಾವ ನಕಲು ನಿಜ? ಮೂರೂ ನಿಜವೇ. ಆದರೆ ಯಾವುದೂ ಬರಿಯ ಆಂಪ್ಲಿಫೈಯರಿನ ನಕಲಲ್ಲ. ವಾಲ್ವು, ಸ್ಪೀಕರು, ಮೈಕು, ಅದರ ಜಾಗ, ಕೋಣೆಯ ಗೋಡೆ ಇವೆಲ್ಲ ಕೂಡಿದ್ದರ ನಕಲು. ನರಜಾಲಕ್ಕೆ ಇದು ವಾಲ್ವಿನ ಪಾಲು, ಇದು ಮೈಕಿನ ಪಾಲು ಎಂದು ಬೇರ್ಪಡಿಸಲು ಬರುವುದಿಲ್ಲ. ಅದು ನೋಡಿರುವುದು ಪ್ರಶ್ನೆ ಮತ್ತು ಉತ್ತರವನ್ನಷ್ಟೇ.

ಬೇರ್ಪಡಿಸಬೇಕೆಂದರೆ ಅಳೆಯುವಾಗಲೇ ಬೇರ್ಪಡಿಸಬೇಕು. ಅದಕ್ಕೆ ಮಾರ್ಗವಿದೆ. ಆಂಪ್ಲಿಫೈಯರಿನ ವಿದ್ಯುತ್ತನ್ನು ತಕ್ಕ ಉಪಕರಣದ ಮೂಲಕ ಸ್ಪೀಕರಿಗಿಂತ ಮೊದಲೇ ಕಂಪ್ಯೂಟರಿಗೆ ಕೊಟ್ಟು ವಾಲ್ವಿನ ನಕಲನ್ನು ಪ್ರತ್ಯೇಕವಾಗಿ ತೆಗೆದುಕೊಳ್ಳುವುದು. ಸ್ಪೀಕರು ಮತ್ತು ಮೈಕಿನ ಪಾಲನ್ನು ಗುಮ್ಮಟದ ಚಪ್ಪಾಳೆಯ ವಿಧಾನದಿಂದ ಬೇರೆಯಾಗಿ ಅಳೆಯುವುದು. ಆಗ ಬೇಕಾದ ವಾಲ್ವಿಗೆ ಬೇಕಾದ ಮೈಕನ್ನು ಆಮೇಲೂ ಜೋಡಿಸಬಹುದು.

ಅಜ್ಜನ ಪೇಟಿ

ಮಗನ ಮೂರು ನಕಲುಗಳನ್ನು ಕೇಳಿದ ತಂದೆಗೆ ಏನೋ ನೆನಪಾಗುತ್ತದೆ. ಕಪಾಟಿನಿಂದ ಒಂದು ಹಳೆಯ ಕ್ಯಾಸೆಟ್ಟನ್ನು ಹುಡುಕಿ ತರುತ್ತಾರೆ. ಅದರಲ್ಲಿರುವುದು ಅವರ ತಂದೆ ನುಡಿಸಿದ ಪೇಟಿ. ಬೆಳಗಾವಿಗೆ ಪೇಟಿ ಎಂದರೆ ಪ್ರೀತಿ. ಪಂಡಿತ ರಾಮಭಾವು ಬಿಜಾಪುರೆ (1917–2010) ಅವರಂಥ ಹಾರ್ಮೋನಿಯಂ ವಾದಕರು ಬಾಳಿ, ಕಲಿಸಿದ ಊರು ಇದು. ಮನೆಮನೆಯಲ್ಲಿ ಭಜನೆಗೆ ಪೇಟಿ ನುಡಿಸುವವರಿದ್ದ ಕಾಲದ ಕ್ಯಾಸೆಟ್ಟು ಅದು.

"ಇದನ್ನ ಕೇಳಿದಾಗೆಲ್ಲ ಇದು ಅಪ್ಪಂದಲ್ಲ ಅನಸತೈತಿ. ಅವರು ಕಡೀಕ ಭಾಳ ಮೆಲ್ಲಕ ಬಾರಸ್ತಿದ್ರು. ಇದ್ರಾಗ ಎಲ್ಲಾ ಒಂದ ಸಮ ಜೋರ ಕೇಳತೈತಿ."

ತಂದೆಯ ಕಿವಿ ಸುಳ್ಳು ಹೇಳುತ್ತಿಲ್ಲ. ಅನೇಕ ಕ್ಯಾಸೆಟ್ ರೆಕಾರ್ಡರುಗಳಲ್ಲಿ ದನಿಯ ಮಟ್ಟವನ್ನು ತಾನಾಗಿಯೇ ಹೊಂದಿಸುವ ಏರ್ಪಾಡು ಇರುತ್ತಿತ್ತು. ಜೋರಾದದ್ದನ್ನು ಅದು ಇಳಿಸುತ್ತದೆ, ಮೆಲ್ಲಗಿದ್ದದ್ದನ್ನು ಏರಿಸುತ್ತದೆ. ಅಜ್ಜ ತಿದಿಯನ್ನು ಮೆತ್ತಗೆ ಒತ್ತಿ ದನಿಯನ್ನು ತಗ್ಗಿಸಿದಾಗೆಲ್ಲ ಯಂತ್ರ ಅದನ್ನು ಎತ್ತಿಬಿಟ್ಟಿತು, ಜೊತೆಗೆ ಫ್ಯಾನಿನ ಸದ್ದನ್ನೂ ಎತ್ತಿತು. ಕ್ಯಾಸೆಟ್ಟಿನಲ್ಲಿ ಉಳಿದದ್ದು ಅಜ್ಜನ ಕೈ ಮತ್ತು ಯಂತ್ರದ ಕೈ ಎರಡೂ ಬೆರೆತದ್ದು. ಯಾವ ರೆಕಾರ್ಡರು, ಎಷ್ಟು ದೂರದಲ್ಲಿ ಇಟ್ಟಿದ್ದರು ಎಂದು ಯಾರೂ ಬರೆದಿಡಲಿಲ್ಲ. ಈಗ ಬೇರ್ಪಡಿಸುವುದು ಸುಲಭವಲ್ಲ. ಅಜ್ಜನನ್ನು ಕರೆದು ಇನ್ನೊಮ್ಮೆ ನುಡಿಸಿ ಎನ್ನುವಂತೆಯೂ ಇಲ್ಲ.

ಅಳತೆಗೋಲು ಅಳತೆಯೊಳಗೆ ಸೇರಿಕೊಳ್ಳುತ್ತದೆ. ಬಿಸಿನೀರಿಗೆ ಅದ್ದಿದ ತಣ್ಣನೆಯ ಥರ್ಮಾಮೀಟರು ನೀರಿನ ಬಿಸಿಯನ್ನು ತುಸು ಇಳಿಸಿಯೇ ಅಳೆಯುತ್ತದೆ. ಮಂಡಲಕ್ಕೆ ಜೋಡಿಸಿದ ಅಮ್ಮೀಟರು ಮಂಡಲದ ರೋಧವನ್ನು ತುಸು ಹೆಚ್ಚಿಸುತ್ತದೆ. ಇದನ್ನು ತಪ್ಪಿಸಲಾಗದು. ಆದರೆ ಯಾವ ಗೋಲಿನಿಂದ, ಎಲ್ಲಿಂದ ಅಳೆದೆವೆಂದು ಬರೆದಿಡಬಹುದು. ಪ್ರಯೋಗದ ದಾಖಲೆ ಪುಸ್ತಕದಲ್ಲಿ ಉಪಕರಣಗಳ ಹೆಸರು ಬರೆಯಿರೆಂದು ಮೇಷ್ಟ್ರು ಒತ್ತಾಯಿಸುವುದು ಅಂಕ ಕೊಡುವುದಕ್ಕಷ್ಟೇ ಅಲ್ಲ.

ಮನೆಯಲ್ಲೇ ಮಾಡಿ ನೋಡಿ

ಇದಕ್ಕೆ ಗಿಟಾರು ಬೇಡ, ವಾಲ್ವು ಬೇಡ. ಎರಡು ಮೊಬೈಲು ಫೋನು ಸಾಕು. ಒಂದರಲ್ಲಿ ಒಂದೇ ಹಾಡನ್ನು ಒಂದೇ ಮಟ್ಟದಲ್ಲಿ ನುಡಿಸಿ. ಇನ್ನೊಂದರಲ್ಲಿ ಅದನ್ನು ನಾಲ್ಕು ಸಲ ರೆಕಾರ್ಡು ಮಾಡಿ: ನಾಲ್ಕು ಬೆರಳು ದೂರದಿಂದ, ಒಂದು ಮೀಟರು ದೂರದಿಂದ, ಕೋಣೆಯ ಮೂಲೆಯಿಂದ, ಫೋನಿನ ಮೇಲೆ ಟವೆಲು ಹೊದಿಸಿ. ಯಾವುದು ಎಲ್ಲಿಂದ ತೆಗೆದದ್ದೆಂದು ಕಾಗದದಲ್ಲಿ ಬರೆದುಕೊಳ್ಳಿ. ಆಮೇಲೆ ಹೇಳದೆ ಮನೆಯವರಿಗೆ ಕೇಳಿಸಿ, ಯಾವುದು ಯಾವುದೆಂದು ಗುರುತಿಸುತ್ತಾರೋ ನೋಡಿ.

ಒಂದು ಎಚ್ಚರಿಕೆ. ಹಳೆಯ ವಾಲ್ವ್ ರೇಡಿಯೊ, ಆಂಪ್ಲಿಫೈಯರುಗಳ ಹಿಂಬದಿಯನ್ನು ಮಕ್ಕಳು ಬಿಚ್ಚಬಾರದು. ಒಳಗೆ 300 ವೋಲ್ಟ್‌ನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ವೋಲ್ಟೇಜು ಇರುತ್ತದೆ. ತಂತಿ ಕಿತ್ತ ಮೇಲೂ ಧಾರಕಗಳಲ್ಲಿ ವಿದ್ಯುತ್ತು ಉಳಿದಿರಬಹುದು.

ಸೋಮವಾರ ಮುಂಜಾನೆ ಪೆಟ್ಟಿಗೆ ಮತ್ತೆ ಆಟೋ ಹತ್ತುತ್ತದೆ. ಹುಡುಗನ ಕಂಪ್ಯೂಟರಿನಲ್ಲಿ ಮೂರು ನಕಲುಗಳಿವೆ. ಪ್ರತಿಯೊಂದರ ಹೆಸರಿನೊಡನೆ ಮೈಕು, ದೂರ, ಜಾಗ, ಗುಂಡಿಗಳ ಅಂಕಿ, ದಿನಾಂಕ ಎಲ್ಲವನ್ನೂ ಅವನು ಬರೆದಿಟ್ಟಿದ್ದಾನೆ. ಮುಂದಿನ ಭಾನುವಾರ ಅಟ್ಟದ ಮೇಲಿನ ಪೇಟಿ ಇಳಿಸುವುದೆಂದು ಅಪ್ಪ ಮಗ ಮಾತಾಡಿಕೊಂಡಿದ್ದಾರೆ. ಅಜ್ಜನ ಕೈ ಇನ್ನು ಸಿಗದು, ಆದರೆ ಆ ಪೇಟಿಯ ಸ್ವರಗಳಿನ್ನೂ ಉಳಿದಿವೆ. ನಿಮ್ಮ ಮನೆಯಲ್ಲೂ ಹಾಡುವ, ಕಥೆ ಹೇಳುವ ಹಿರಿಯರಿದ್ದರೆ ಅವರ ದನಿಯನ್ನು ಈ ವಾರವೇ ಹಿಡಿದಿಡಿ. ಹೇಗೆ ಹಿಡಿದಿರೆಂಬುದನ್ನೂ ಜೊತೆಗೇ ಬರೆದಿಡಿ.